ಮರ ಬಿತ್ತು, ಏನೂ ಆಗಲಿಲ್ಲ

ಮಗಳು ಎಂಟನೇ ತರಗತಿಯಲ್ಲಿದ್ದ ವರ್ಷ ನಮ್ಮಮ್ಮ ಆರು ತಿಂಗಳ ವೀಸಾದ ಮೇಲೆ ಉಡುಪಿ ಕಡೆಯಿಂದ ಸಿಡ್ನಿಗೆ ಬಂದಿದ್ದಳು. ಕೆಲ್ಲಿವಿಲ್‌ನ ನಮ್ಮ ಮನೆಯ ಹಿತ್ತಲಲ್ಲಿ ಆಗ ದೊಡ್ಡದೊಂದು ನೀಲಗಿರಿ ಮರವಿತ್ತು, ಸಬರ್ಬ್ ಹುಟ್ಟುವ ಮೊದಲಿನದು. ಅದರ ಬುಡದಲ್ಲಿ ಅಮ್ಮನಿಗೆ ಹಾವಿನ ಪೊರೆ ಸಿಕ್ಕಿತು. ಇಲ್ಲಿಯವರಾದರೆ ಹಾವು ಹಿಡಿಯುವವರಿಗೆ ಫೋನ್ ಮಾಡುತ್ತಾರೆ. ಅಮ್ಮ ಒಂದು ಲೋಟ ಹಾಲು, ಚಿಟಿಕೆ ಅರಿಶಿನ ತೆಗೆದುಕೊಂಡು ಹೋದಳು. ಮರುದಿನದಿಂದ ಅದೇ ಅವಳ ಬೆಳಗಿನ ಕೆಲಸವಾಯಿತು.

ನಾನು ಬೇಡವೆನ್ನಲಿಲ್ಲ. ಆದರೆ ಒಂದು ವಿಷಯ ಮುಚ್ಚಿಟ್ಟಿದ್ದೆ. ಹಿಂದಿನ ಚಳಿಗಾಲದಲ್ಲಿ ಆ ಮರದ ಕೊಂಬೆಯೊಂದು ಮುರಿದು ಮಗಳು ಆಡುವ ಜಾಗದಲ್ಲೇ ಬಿದ್ದಿತ್ತು. ಮರ ತೆಗೆಸಲು ಕೌನ್ಸಿಲ್ ಒಪ್ಪಿಗೆ ಬಂದಿತ್ತು, ಕಡಿಯುವವರನ್ನೂ ಬುಕ್ ಮಾಡಿಯಾಗಿತ್ತು.

ಮಗಳಿಗೆ ಆಗ ಹಿಸ್ಟರಿ ಅಸೈನ್‌ಮೆಂಟ್ ಇತ್ತು: ರೋಮ್ ಕುಸಿದ ಮೇಲೆ ಯುರೋಪಿನಲ್ಲಿ ಕ್ರೈಸ್ತಧರ್ಮ ಹೇಗೆ ಹಬ್ಬಿತು ಅಂತ. ಊಟದ ಟೇಬಲ್ಲಿನಲ್ಲಿ ಕೂತು ಅವಳು ಇಂಗ್ಲಿಷಿನಲ್ಲಿ ಓದುತ್ತಿದ್ದಳು, ನಾನು ಅಮ್ಮನಿಗೆ ತುಳುವಿನಲ್ಲಿ ಹೇಳುತ್ತಿದ್ದೆ. ಅರಸ ಮತ ಬದಲಿಸಿದರೆ ಅವನ ಹಿಂದೆ ಸೈನ್ಯವೂ ದೀಕ್ಷಾಸ್ನಾನಕ್ಕೆ ನೀರಿಗಿಳಿಯುತ್ತಿತ್ತಂತೆ. ಹಳೆಯ ಗುಡಿ ಕೆಡವಬೇಡಿ, ಒಳಗಿನ ವಿಗ್ರಹ ಮಾತ್ರ ತೆಗೆಯಿರಿ, ತೀರ್ಥ ಚಿಮುಕಿಸಿ, ಜನ ಅಭ್ಯಾಸದ ದಾರಿಯಲ್ಲೇ ನಡೆದು ಬರುತ್ತಾರೆ ಎಂದು ಒಬ್ಬ ಪೋಪ್ ಕಾಗದ ಬರೆದಿದ್ದನಂತೆ.

"ಬುದ್ಧಿವಂತ," ಅಂದಳು ಅಮ್ಮ.

ಆಮೇಲೆ ಜರ್ಮನಿಯ ಕಾಡಿನ ಓಕ್ ಮರದ ಕತೆ ಬಂತು. ಅದು ಗುಡುಗಿನ ದೇವರ ಮರ. ಕಡಿಯಲು ಒಬ್ಬ ಪಾದ್ರಿ ಕೊಡಲಿ ಹಿಡಿದು ಬಂದ. ಸಿಡಿಲು ಇನ್ನೇನು ಬಡಿಯುತ್ತದೆಂದು ಊರವರು ಸುತ್ತ ನಿಂತು ಕಾದರು.

"ಆಮೇಲೆ?"

"ನಥಿಂಗ್, ಅಜ್ಜಿ. ಮರ ಬಿತ್ತು. ಅದೇ ಮರದಲ್ಲಿ ಚರ್ಚ್ ಕಟ್ಟಿದರು. ಜನ ಕನ್ವರ್ಟ್ ಆದರು."

"ಆ ಪಾದ್ರಿ?"

"ಬದುಕಿದ್ದ. ಮೂವತ್ತು ವರ್ಷ ಆದಮೇಲೆ ಬೇರೆ ಕಡೆ ಯಾರೋ ಕೊಂದರು."

ಅಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಮೂವತ್ತು ವರ್ಷ. ಅಷ್ಟು ಕಾಯ್ಲಿಕ್ಕೆ ಯಾರಿಂದ ಆಗ್ತದೆ?"

ಇನ್ನು ಮುಚ್ಚಿಡಲಾಗದೆ ಅವತ್ತು ಸಂಜೆ ನಮ್ಮ ಮರದ ವಿಷಯ ಹೇಳಿದೆ.

"ಕಡಿಯುವುದು ಬೇಡ ಮಗಾ. ನಾನು ಹೋದಮೇಲೆ ಎಂತ ಬೇಕಾದ್ರೂ ಮಾಡಿ."

"ಮಗುವಿನ ತಲೆ ಮೇಲೆ ಕೊಂಬೆ ಬಿದ್ದರೆ, ಅಮ್ಮಾ?"

ಮೊಮ್ಮಗಳ ಮಾತೆತ್ತಿದರೆ ಅವಳು ಸೋಲುತ್ತಾಳೆಂದು ಗೊತ್ತಿತ್ತು. ನಾನು ಆ ಮಾತನ್ನೇ ಆರಿಸಿಕೊಂಡದ್ದೂ ಅದಕ್ಕೇ.

ಗುರುವಾರ ಬೆಳಿಗ್ಗೆ ಮೂವರು ಬಂದರು. ಒಬ್ಬ ಸೊಂಟಕ್ಕೆ ಹಗ್ಗ ಬಿಗಿದು ಮೇಲೆ ಹತ್ತಿದ. ಅಮ್ಮ ಹಿತ್ತಲಿನ ಗಾಜಿನ ಬಾಗಿಲ ಹಿಂದೆ ನಿಂತವಳು ಮಧ್ಯಾಹ್ನದವರೆಗೆ ಒಂದು ಗುಟುಕು ನೀರೂ ಕುಡಿಯಲಿಲ್ಲ. ಅವಳು ನೋಡುತ್ತಿದ್ದದ್ದು ಮರವನ್ನಲ್ಲ, ಮೇಲಿದ್ದ ಆ ಮನುಷ್ಯನನ್ನು. ಗಾಳಿಯೇ ಇರಲಿಲ್ಲ. ಯಂತ್ರ ನಿಂತಾಗೆಲ್ಲ ಇಡೀ ಬೀದಿ ಉಸಿರು ಹಿಡಿದಂತಿತ್ತು. ಕೊನೆಯ ತುಂಡು ನೆಲಕ್ಕೆ ಬಿದ್ದಾಗ ಅಡಿಗೆಮನೆಯ ತಟ್ಟೆಗಳು ಸದ್ದು ಮಾಡಿದವು. ಅವನು ಇಳಿದು ಬಂದು ಹೆಲ್ಮೆಟ್ ತೆಗೆದು ನಮ್ಮ ಕಡೆ ಕೈ ಬೀಸಿದ. ನಗುತ್ತಿದ್ದ.

ಆಮೇಲೆ ಅಮ್ಮ ಕಾಯತೊಡಗಿದಳು. ನನ್ನ ಗಂಡ ಪ್ಯಾರಮಟ್ಟಾದ ಆಫೀಸಿನಿಂದ ಹತ್ತು ನಿಮಿಷ ತಡವಾಗಿ ಬಂದರೂ ಗೇಟಿನ ಬಳಿ ನಿಂತಿರುತ್ತಿದ್ದಳು. ಮಗಳು ಕೆಮ್ಮಿದರೆ ಹಣೆ ಮುಟ್ಟಿ ನೋಡುವಳು. ನನಗೆ ಇಂಥದ್ದರಲ್ಲಿ ನಂಬಿಕೆ ಯಾವತ್ತೂ ಇರಲಿಲ್ಲ. ಆದರೂ ಒಂದು ದಿನ ಕೆಲಸದ ನಡುವೆ ಸ್ಕೂಲಿನ ನಂಬರಿನಿಂದ ಫೋನ್ ಬಂದಾಗ ಎತ್ತಲು ಕೈಯೇ ಬರಲಿಲ್ಲ. ಮಗಳು ಆಟದ ಶೂ ಮರೆತಿದ್ದಳು, ಅಷ್ಟೇ.

ಮೂರು ವಾರ ಕಳೆಯಿತು. ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ದೇವರ ಮುಂದೆ ದೀಪವಿಲ್ಲ.

"ಮರೆತೆಯಾ ಅಮ್ಮಾ?"

"ಇಲ್ಲ," ಅಂದು ಟಿವಿ ಹಾಕಿಕೊಂಡಳು. ನಾನೇ ದೀಪ ಹಚ್ಚಿದೆ. ಅವಳು ತಿರುಗಿ ನೋಡಲಿಲ್ಲ. ಉಳಿದ ದಿನಗಳಲ್ಲಿ ಚೆನ್ನಾಗಿ ಉಂಡಳು, ಚೆನ್ನಾಗಿ ಮಲಗಿದಳು. ಅದನ್ನು ಕಂಡೇ ನನಗೆ ದಿಗಿಲಾಗುತ್ತಿತ್ತು.

ಊರಿಗೆ ಹೋಗಿ ಎರಡು ತಿಂಗಳಾದ ಮೇಲೆ ಅಮ್ಮ ಫೋನ್ ಮಾಡಿದಳು. ಊರಿನ ನಮ್ಮ ಮನೆಯ ಪಕ್ಕದಲ್ಲಿ ನಾಗಬನವಿತ್ತು, ಹಿರಿಯರ ಕಾಲದಿಂದ ಯಾರೂ ಒಂದು ಎಲೆ ಕೀಳದ ಸಣ್ಣ ಕಾಡು. ಅದನ್ನು ಸವರಿ, ನಾಗನ ಕಲ್ಲುಗಳಿಗೊಂದು ಸಿಮೆಂಟಿನ ಕಟ್ಟೆ ಮಾಡಿಸೋಣವೆಂದು ಅಣ್ಣ ವರ್ಷಗಳಿಂದ ಕೇಳುತ್ತಿದ್ದ. ಅಡ್ಡ ನಿಂತಿದ್ದವಳು ಅಮ್ಮನೊಬ್ಬಳೇ.

"ಆಯ್ತು ಅಂದೆ," ಅಂದಳು. "ನಿನ್ನೆ ಕಡಿದ್ರು."

"ನಿನಗೆ ಹೆದರಿಕೆ ಆಗಲಿಲ್ವಾ ಅಮ್ಮಾ?"

"ಹೆದರಿಕೆ ಆಗಿದ್ರೆ ಕಡಿಯಲಿಕ್ಕೆ ಬಿಡ್ತಿದ್ದೆನಾ?"

ಅವಳು ಇನ್ನೂ ಏನೋ ಹೇಳಿದಳು. ಆಚೆ ಕಾಂಕ್ರೀಟ್ ಕಲಸುವ ಯಂತ್ರ ಶುರುವಾಗಿತ್ತು. ನನಗೆ ಕೇಳಿಸಲಿಲ್ಲ.