ಕಟ್ ಮಾಡಿದರೆ ಬರುತ್ತೇವೆಂದು ಅರ್ಥ

ಕೆಲಸಕ್ಕೆ ಸೇರಿದ ಮೊದಲ ದಿನ ಐರೋಲಿಯ ಆಫೀಸಿನಲ್ಲಿ, ಸರ್ವರ್ ರೂಮ್ ಎಲ್ಲಿದೆ ಎಂದು ಕೇಳಿದೆ. ಪಕ್ಕದ ಮೇಜಿನವಳು ಕಿಟಕಿಯಾಚೆಯ ಆಕಾಶದತ್ತ ಕೈ ತೋರಿಸಿ ನಕ್ಕಳು.

ಉಡುಪಿಯ ಸಹಕಾರ ಸಂಘವೊಂದರಲ್ಲಿ ಎಂಟು ವರ್ಷ ಒಂದು ಸರ್ವರನ್ನು ಸಾಕಿದವಳು ನಾನು. ಅದಕ್ಕೊಂದು ಕೋಣೆ, ಎಸಿ, ಬೀಗ. ಬೀಗದ ಕೈ ನನ್ನ ಬ್ಯಾಗಿನಲ್ಲಿ. ಮಳೆಗಾಲದಲ್ಲಿ ಕರೆಂಟು ಹೋಯಿತೆಂದು ಮದುವೆಯ ಊಟದಿಂದ ಎದ್ದು ಓಡಿದ್ದೂ ಉಂಟು. ಇಲ್ಲಿ ನೋಡಿಕೊಳ್ಳಲು ಯಂತ್ರವೇ ಇಲ್ಲ. ಇವರು ಮಾಡುವುದು ಸರ್ವರ್‌ಲೆಸ್ ಕೆಲಸ. ಹಾಗೆಂದರೆ ಸರ್ವರ್ ಇಲ್ಲವೆಂದಲ್ಲ. ಅದು ಬೇರೆಯವರದು, ಎಲ್ಲೋ ಇರುತ್ತದೆ; ಅದಕ್ಕೆ ಕ್ಲೌಡ್, ಅಂದರೆ ಮೋಡ, ಎನ್ನುತ್ತಾರೆ. ನಾವು ಬರೆದ ಕೋಡ್ ಕರೆ ಬಂದಾಗ ಎದ್ದು, ಹೇಳಿದಷ್ಟು ಮಾಡಿ, ಮತ್ತೆ ಮಲಗುತ್ತದೆ. ಬೀಗದ ಕೈ ಇಲ್ಲದ ಇದೂ ಒಂದು ಕೆಲಸವೇ ಎಂದು ನನಗೆ ಬಹಳ ದಿನ ಅನುಮಾನವಿತ್ತು.

ಮನೆಯೂ ಅಂಥದ್ದೇ ಸಿಕ್ಕಿತು. ಡೊಂಬಿವ್ಲಿಯಲ್ಲಿ ಹನ್ನೊಂದು ತಿಂಗಳ ಅಗ್ರಿಮೆಂಟಿನ ಒಂದು ಕೋಣೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಊರಿನಲ್ಲಿ ದಾರಿಯಲ್ಲಿ ಹೋಗುವವರೂ ಜಗಲಿಯಲ್ಲಿ ಕೂತು ನೀರು ಕುಡಿದು ಹೋಗುತ್ತಿದ್ದರು. ಇಲ್ಲಿ ಎದುರು ಬಾಗಿಲಿನವರ ಮುಖ ನೋಡಲು ಎರಡು ವಾರ ಹಿಡಿಯಿತು. ನೋಡಿದರೆ ಅವರೂ ನಮ್ಮ ಕಡೆಯವರೇ. ಆದರೆ ಅವರ ಮಗಳು ನನ್ನ ಕನ್ನಡಕ್ಕೆಲ್ಲ ಹಿಂದಿಯಲ್ಲೇ ಉತ್ತರ ಕೊಡುತ್ತಾಳೆ. ಸ್ಟೇಷನ್ ಹತ್ತಿರದ ಅಂಗಡಿಯಲ್ಲಿ ಕುಚ್ಚಲಕ್ಕಿ ಸಿಕ್ಕಿದ ದಿನ ನನಗೆ ಅಳುವೇ ಬಂತು.

ಮೂರು ತಿಂಗಳ ಪ್ರೊಬೇಷನ್. ಅಷ್ಟರಲ್ಲಿ ಏನಾದರೂ ಮಾಡಿ ತೋರಿಸದಿದ್ದರೆ ವಾಪಸ್ ಹೋಗಬೇಕು. ಉಡುಪಿಯಲ್ಲಿ ನನ್ನ ಕುರ್ಚಿಗೆ ಆಗಲೇ ಬೇರೆಯವರು ಬಂದಿದ್ದರು. ನನಗೆ ಕೊಟ್ಟ ಕೆಲಸ ಭಿವಂಡಿಯ ಒಂದು ಗೋದಾಮಿನದು. ಗೇಟಿಗೆ ಲಾರಿ ಬಂದಾಗ ನನ್ನ ಕೋಡ್ ಎದ್ದು ಒಬ್ಬ ಮುಕಾದಮನಿಗೆ, ಅಂದರೆ ಹಮಾಲರ ತಂಡದ ಮುಂದಾಳಿಗೆ, ಫೋನ್ ಮಾಡಬೇಕು. ಫೋನ್ ಎತ್ತಿ ಒಂದು ಒತ್ತಿದರೆ ತಂಡ ಬರುತ್ತದೆ. ಎತ್ತದಿದ್ದರೆ ಮುಂದಿನ ಮುಕಾದಮನಿಗೆ ಕರೆ. ಆಫೀಸಿನವರ ಫೋನುಗಳಲ್ಲಿ ಹತ್ತು ಸಲ ಪರೀಕ್ಷಿಸಿದ್ದೆ; ಎಲ್ಲವೂ ಸರಿಯಿತ್ತು.

ಶುರುವಾದ ಬೆಳಿಗ್ಗೆಯೇ ಒಂದು ಲಾರಿಗೆ ಮೂರು ತಂಡ ಬಂದು ನಿಂತವು. ಗೋದಾಮಿನ ಮ್ಯಾನೇಜರ್, ಇನ್ನೊಂದು ಸಲ ಹೀಗಾದರೆ ಪುಸ್ತಕ ನೋಡಿ ನಾವೇ ಫೋನ್ ಮಾಡುವ ಹಳೆಯ ಪದ್ಧತಿಯೇ ಸಾಕು ಎಂದರಂತೆ. ನಾನು ಹೆದರಿ ಭಿವಂಡಿಗೆ ಓಡಿದೆ. ಗೇಟಿನಲ್ಲಿದ್ದ ಹಿರಿಯ ಮುಕಾದಮ ಕಲಬುರಗಿ ಕಡೆಯ ಶರಣಪ್ಪ. ನನ್ನ ಮುರುಕು ಹಿಂದಿ ಕೇಳಿ ಅವರೇ ಕನ್ನಡಕ್ಕೆ ತಿರುಗಿದರು.

"ನಾ ಫೋನ್ ಕಟ್ ಮಾಡಿ ಬಂದೀನಿ, ತಂಗಿ. ಅವರೂ ಕಟ್ ಮಾಡೇ ಬಂದಾರ."

"ಕಟ್ ಮಾಡಿದ್ದು ಎಂಥಕ್ಕೆ?"

"ಕಟ್ ಮಾಡಿದ್ರ ಬರ್ತೀವಿ ಅಂತ. ಎತ್ತಿ ಮಾತಾಡಾದು ಬರ್ಲಾಕ್ ಆಗಲ್ಲ ಅಂತ ಹೇಳ್ಲಾಕ. ಮೊದಲಿಂದ ನಮ್ದು ಹಿಂಗೇ ಅದ. ನಿಮ್ಮ ಮಷಿನ್ನಿಗಿ ಯಾರೂ ಹೇಳಿಲ್ಲೇನು?"

"ನನಗೇ ಯಾರೂ ಹೇಳಲಿಲ್ಲ ಮಾರಾಯ್ರೆ."

ಬರುತ್ತೇವೆ ಎಂದ ಮೂವರೂ ಬರುವುದಿಲ್ಲವೆಂದು ನನ್ನ ಕೋಡ್ ತಿಳಿದುಕೊಂಡಿತ್ತು. ಉಳಿದ ಎರಡು ತಂಡದವರು ಗೋಡೆಯ ನೆರಳಿನಲ್ಲಿ ಕೂತಿದ್ದರು. ಆ ಹೊತ್ತಿಗೆ ಅವರಿಗೆ ಬೇರೆಡೆ ಕೆಲಸ ಸಿಗುವಂತಿರಲಿಲ್ಲ. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ಕಟ್ ಎಂದರೆ ಒಪ್ಪಿಗೆ ಎಂದು ತಿದ್ದುವುದು ಸುಲಭ. ಆದರೆ ಇನ್ನೊಂದು ತೊಡಕಿತ್ತು. ಕ್ಲೌಡಿನಲ್ಲಿ ಒಂದೇ ಸುದ್ದಿ ಕೆಲವೊಮ್ಮೆ ಎರಡು ಸಲ ಬರುತ್ತದೆ; ಆಗ ಕೋಡ್ ಎರಡು ಸಲ ಎದ್ದು ಒಂದೇ ಲಾರಿಗೆ ಮತ್ತೊಬ್ಬರನ್ನು ಕರೆಯಬಹುದು. ಇದಕ್ಕೆ ದಾರಿ ಸಿಕ್ಕಿದ್ದು ಮರುದಿನ, ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ. ಇಲ್ಲಿ ಕೂತವರನ್ನು ಎಲ್ಲಿ ಇಳಿಯುತ್ತೀರಿ ಎಂದು ಕೇಳುವುದು ಕುಶಲ ವಿಚಾರಿಸಲು ಅಲ್ಲ, ಸೀಟು ಹಿಡಿಯಲು. ಆ ದಿನ ಅದೃಷ್ಟಕ್ಕೆ ನಾನು ಕೂತಿದ್ದೆ. "ಕಹಾಂ ಉತರ್ನಾ ಹೈ?" ಎಂದು ಒಬ್ಬಳು ಕೇಳಿದಳು. ಠಾಣೆ ಎಂದೆ. ಅಲ್ಲಿಗೆ ನನ್ನ ಸೀಟು ಅವಳದು. ಇನ್ನೊಬ್ಬಳು ಬಂದು ಕೇಳಿದಾಗ ನಾನು ಬಾಯಿ ಬಿಡುವ ಮೊದಲೇ ಸುತ್ತಲಿನವರು ಹೇಳಿದರು, "ದೇ ದಿಯಾ." ಕೊಟ್ಟಾಯಿತು. ಎರಡನೆಯವಳು ಮುನಿಸಿಲ್ಲದೆ ಮುಂದೆ ಹೋದಳು.

ಠಾಣೆಯಲ್ಲಿ ಇಳಿದು ಐರೋಲಿಯ ಗಾಡಿ ಹತ್ತುವಷ್ಟರಲ್ಲಿ ನನ್ನ ತಲೆಯಲ್ಲಿ ಕೋಡ್ ಬರೆದಾಗಿತ್ತು. ಲಾರಿಯ ನಂಬರಿನ ಮುಂದೆ ಜಾಗ ಖಾಲಿ ಇದ್ದರೆ ಮಾತ್ರ ಮುಕಾದಮನ ಹೆಸರು ಬರೆ. ಹೆಸರಿದ್ದರೆ, ಕೊಟ್ಟಾಯಿತು, ಮಲಗು.

ಎರಡನೆಯ ಬಾರಿ ಶುರುಮಾಡಿದ ಬೆಳಿಗ್ಗೆ ನಾನೇ ಗೇಟಿನಲ್ಲಿ ನಿಂತಿದ್ದೆ. ಲಾರಿ ಬಂತು. ಶರಣಪ್ಪ ಜೇಬಿನಿಂದ ಫೋನ್ ತೆಗೆದು, ನನ್ನನ್ನೇ ನೋಡುತ್ತ ಕಟ್ ಮಾಡಿದರು. ಅರ್ಧ ಗಂಟೆ ಕಾದೆ. ಬೇರೆ ಯಾರೂ ಬರಲಿಲ್ಲ. ಶರಣಪ್ಪ ಚಹಾ ತರಿಸಿದರು. ಸರ್ವರ್‌ಲೆಸ್ ಎಂದರೇನೆಂದು ಅವರಿಗೆ ಹೇಳಿದೆ.

"ಕರದಾಗ ಬರ್ತದ, ಕೆಲ್ಸ ಮುಗದ್ರ ಹೋಗ್ತದ. ಹಂಗಾದ್ರ ಅದೂ ನಮ್ಮಂಗ ಹಮಾಲನೇ ಅದ ಬಿಡು," ಎಂದರು.

ಪ್ರೊಬೇಷನ್ ಮುಗಿಯಿತು, ಕೆಲಸ ಉಳಿಯಿತು. ಮೊದಲ ರಜೆಗೆ ಊರಿಗೆ ಹೊರಟಾಗ ಶರಣಪ್ಪ, "ದಿನಾ ಮುಂಜಾನಿ ಒಂದು ಮಿಸ್ಡ್ ಕಾಲ್ ಕೊಡ್ತೀನಿ, ಎಲ್ಲಾ ಸರಿ ಅದ ಅಂತ ತಿಳ್ಕೊ," ಎಂದರು. ಬೀಗದ ಕೈ ಇಲ್ಲದ ಬ್ಯಾಗು ಎಷ್ಟು ಹಗುರ ಎಂದು ಆ ಪ್ರಯಾಣದಲ್ಲಿ ತಿಳಿಯಿತು.

ಬೆಳಿಗ್ಗೆ ಉಡುಪಿಯಲ್ಲಿ ರೈಲಿಳಿದು ನಮ್ಮೂರಿನ ಬಸ್ಸು ಹತ್ತಿದೆ. ಸೀಟಿರಲಿಲ್ಲ. ಕೂತಿದ್ದ ಹೆಂಗಸೊಬ್ಬರ ಬಳಿ ಹೋಗಿ, ಅಭ್ಯಾಸಬಲದಿಂದ, "ಎಲ್ಲಿ ಇಳೀತೀರಿ?" ಎಂದೆ. ಅವರಿಗೆ ಖುಷಿಯಾಯಿತು. ಇಳಿಯುವ ಊರು, ಅಲ್ಲಿರುವ ಮಗಳು, ಅವಳ ಬಾಣಂತನ ಎಲ್ಲ ಹೇಳಿ, "ನೀವು ಯಾರ ಮನೆಯವರು?" ಎಂದು ಕೇಳಿದರು. ನಾನು ತಡವರಿಸುತ್ತಿದ್ದಂತೆ ಅವರೇ ಒತ್ತರಿಸಿಕೊಂಡು ಅರ್ಧ ಸೀಟು ಬಿಟ್ಟುಕೊಟ್ಟರು.

ಕೂತ ಮೇಲೆ ನನ್ನ ಫೋನ್ ಒಂದು ಸಲ ರಿಂಗಾಗಿ ನಿಂತಿತು. ನೋಡಿ ನಗು ಬಂತು.

"ಎತ್ತಿ ಮಾತಾಡಿ, ಪರವಾಗಿಲ್ಲ," ಎಂದರು ಆ ಹೆಂಗಸು.

"ಬೇಡ, ಗೊತ್ತಾಯ್ತು."

"ಮನೆಯಿಂದಲಾ?"

ಕಿಟಕಿಯಾಚೆ ನಮ್ಮೂರಿನ ತಿರುವು ಕಾಣುತ್ತಿತ್ತು. ಹೌದು ಎಂದೆ.