ಗಾಡಿ ಗೆದ್ದೈತ್ರಿ

ಅವನು ರ‍್ಯಾಲಿ ಕಾರು ಓಡಿಸುತ್ತಿದ್ದ. ಪಕ್ಕದಲ್ಲಿ ಕೂತು ತಿರುವು ಹೇಳುತ್ತಿದ್ದವನು ಅವನ ಗೆಳೆಯನಾದ ನಾನು. ಅವನು ನಮ್ಮೂರು ಶಿರಗುಪ್ಪಿಯ ಕಬ್ಬಿನ ಹೊಲಗಳ ನಡುವಿನ ಮಣ್ಣಿನ ದಾರಿಯಲ್ಲೇ ಓಡಿಸಲು ಕಲಿತವನು. ಗೆದ್ದಾಗ ಯಾರಾದರೂ ಹಾರ ತಂದರೆ ಅದನ್ನು ಬಾನೆಟ್ ಮೇಲೆ ಹಾಕಿಸಿ, ಎರಡು ಸಲ ತಟ್ಟಿ, "ಗಾಡಿ ಗೆದ್ದೈತ್ರಿ, ನಂದೇನೈತಿ?" ಅನ್ನುತ್ತಿದ್ದ. ಆ ಹಳೆಯ ಕೆಂಪು ಕಾರು ಓಡಿದ ರ‍್ಯಾಲಿಗಳಲ್ಲೆಲ್ಲ ಮೊದಲು ಬಂದಿತ್ತು, ಒಂದನ್ನು ಬಿಟ್ಟು.

ಅವತ್ತೂ ನಾವೇ ಮುಂದಿದ್ದೆವು. ಕೊನೆಯ ಹಂತವಷ್ಟೇ ಬಾಕಿ. ನಾನು ಜೈನ, ಹೊತ್ತು ಮುಳುಗಿದ ಮೇಲೆ ಉಣ್ಣುವವನಲ್ಲ. ಬೆಳಗಿನಿಂದ ಡಬ್ಬಿ ಬಿಚ್ಚಲು ಪುರುಸೊತ್ತೇ ಸಿಕ್ಕಿರಲಿಲ್ಲ. ಬಿಸಿಲು ಕೆಂಪಾದದ್ದನ್ನು ನೋಡಿ ಅವನು ಗಕ್ಕನೆ ರಸ್ತೆ ಬದಿಗೆ ಕಾರು ನಿಲ್ಲಿಸಿದ.

"ಡಬ್ಬಿ ತಗೀಲೇ."

"ಹುಚ್ಚ ಹಿಡದೈತೇನ ನಿನಗ? ನನಗ ಹಸಿವಿಲ್ಲ, ನಡಿ!"

"ನಾಳಿತನಕಾ ಉಪಾಸ ಕುಂಡ್ರತಿ ಏನ? ಉಣ್ಣು."

ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ. ನಾನು ರೊಟ್ಟಿ ನುಂಗಿ ನೀರು ಕುಡಿದ ಮೇಲೆಯೇ ಗಾಡಿ ಚಾಲೂ ಆದದ್ದು.

ತಡವಾಗಿದ್ದಕ್ಕೆ ದಂಡದ ನಿಮಿಷಗಳು ಸೇರಿದವು, ಎರಡನೆಯವರಾದೆವು. ಊರಿಗೆ ಬಂದಾಗ ಜನ ಮುತ್ತಿಕೊಂಡು, "ಗಾಡಿ ಕೈ ಕೊಡ್ತೇನ್ರಿ?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಅವನು ಎಂದಿನಂತೆ ಬಾನೆಟ್ ತಟ್ಟಿದ.

"ಗಾಡಿ ಸೋತಿಲ್ರಿ. ನಾ ಸೋತೇನಿ."