ಸೋದರಮಾವನ ಸೀರೆ

ಚೀನಾದಲ್ಲಿ ಯಾರೋ ಭಾರಿ ಅಧಿಕಾರಿ ಲಂಚ ತಿಂದು ಜೈಲಿಗೆ ಹೋದನೆಂದು ಟಿ.ವಿ.ಯಲ್ಲಿ ಬರುತ್ತಿತ್ತು. ಗಂಗಾವತಿಯ ನಮ್ಮ ಮನೆಗೆ ಮಗಳ ಮದುವೆ ಮಾತಿಗೆಂದು ಬಂದಿದ್ದ ಬೀಗರು ಅವನನ್ನು ಬಾಯ್ತುಂಬ ಬೈಯುತ್ತಿದ್ದರು. ನಾನು ಚಹಾ ತಂದೊಡನೆ ಗಪ್ಪಾದರು. ನನ್ನ ಅಣ್ಣನೂ ಒಂದು ಕಾಲಕ್ಕೆ ದೊಡ್ಡ ಸಾಹೇಬ. ಲಂಚದ ಕೇಸಿನಲ್ಲಿ ಶಿಕ್ಷೆ ಮುಗಿಸಿ ಬಂದು ತಳಕಲ್‌ನ ಅಪ್ಪನ ಮನೆ ಸೇರಿದ್ದ.

"ಬೈರಿ, ಬೈರಿ. ಚೀನಾದಾವ ನಮ್ಮ ಬಳಗ ಅಲ್ರಿ," ಎಂದೆ.

ಹಿರಿಯ ಬೀಗರು ಗಂಟಲು ಸರಿಮಾಡಿಕೊಂಡರು. "ಸೋದರಮಾವನ ಸೀರಿ ಬ್ಯಾರೆ ಯಾರರ ತಂದ್ರ ಛಲೋ ನೋಡ್ರಿ. ನಿಮ್ಮ ಕಾಕಾನ ಮಗ ಅದಾನಲ್ರಿ."

ನಮ್ಮಲ್ಲಿ ಹುಡುಗಿ ಸೋದರಮಾವ ತಂದ ಸೀರೆ ಉಟ್ಟು, ಅವನ ಕೈ ಹಿಡಿದೇ ಮದುವೆ ಹಂದರಕ್ಕೆ ಬರಬೇಕು.

"ಅಕಿಗೆ ಸೋದರಮಾವ ಒಬ್ಬನ ಅದಾನ್ರಿ. ಅವನ ಬರ್ತಾನ."

ಬೀಗರ ಮೇಲಷ್ಟೇ ಅಲ್ಲ, ಅಣ್ಣನ ಮೇಲೂ ನನಗೆ ಸಿಟ್ಟು ನೆತ್ತಿಗೇರಿತ್ತು. ಅವನು ಮಾಡಿದ್ದು ತಪ್ಪೇ. ಆದರೆ ಅವನ ಬಂಗಲೆಯ ಮುಂದೆ ಸಾಲುಗಟ್ಟುತ್ತಿದ್ದ ಬಳಗದ ಕಾರುಗಳಲ್ಲಿ ಒಂದೂ ಕೋರ್ಟಿನ ಮುಂದೆ ಕಂಡಿರಲಿಲ್ಲ.

ಹಿಂಗಾರಿ ಬಿತ್ತುವ ದಿನಗಳವು. ಅಂದೇ ಫೋನ್ ಮಾಡಿದೆ.

"ಸೀರಿ ನೀನ ತರಬೇಕಣ್ಣ. ಆದ್ರ ಹಳೇ ರೊಕ್ಕದ್ದು ಬ್ಯಾಡ. ಅಪ್ಪನ ಹೊಲದಾಗ ಕಡ್ಲಿ ಬೆಳದು, ಮಾರಿ ತಾ. ಇಲ್ಲಾಂದ್ರ ನನ್ನ ಮಗಳು ಉಡಂಗಿಲ್ಲ."

"ಆತು ತಂಗಿ," ಎಂದ.

ಸುಗ್ಗಿ ಮುಗಿದ ಮೇಲೆ ಮದುವೆ. ಅಣ್ಣ ಬಸ್ಸಿಳಿದು ಬಂದವನು ಚಪ್ಪಲಿ ಬಿಡುವ ಜಾಗದಲ್ಲೇ ನಿಂತ. ಬಳಗದವರಿಗೆಲ್ಲ ತಟ್ಟನೆ ಏನೇನೋ ಕೆಲಸ ನೆನಪಾದವು. ಹಂದರದ ನಡುವಿನಿಂದಲೇ ಕೂಗಿದೆ: "ಸೋದರಮಾವ ಬಂದಾನ, ಕಾಲಿಗೆ ನೀರು ಕೊಡ್ರಿ!" ನನ್ನ ದನಿ ಗೊತ್ತಿದ್ದವರು ತಂಬಿಗೆ ಹಿಡಿದು ಓಡಿದರು.

ತಂದದ್ದು ಕುಷ್ಟಗಿಯಲ್ಲಿ ಕೊಂಡ ಇಳಕಲ್ ಸೀರೆ. ನೂಲಿನ ಮೈ, ಕೆಂಪು ರೇಷ್ಮೆ ಸೆರಗು. ಮಗಳು ಉಡಿಯೊಡ್ಡಿದಳು. ಸೀರೆ ಅವನ ಕೈಬಿಟ್ಟು ಬರಲೊಲ್ಲದು. ನೋಡಿದರೆ, ಸೆರಗಿನ ಎಳೆಗಳು ಅವನ ಅಂಗೈಗೆ ಸಿಕ್ಕಿಕೊಂಡಿದ್ದವು. ಕಡಲೆ ಗಿಡ ಕಿತ್ತು ಕಿತ್ತು, ಅದರ ಎಲೆಗಳ ಸುಡುವ ಹುಳಿಗೆ ಸಾಹೇಬನ ಕೈ ಒಡೆದುಹೋಗಿತ್ತು.

"ಆಳು ಹಚ್ಚಲಿಲ್ಲೇನಣ್ಣ?"

"ಆಳಿಗೆ ಕೊಡಾಕ ನನ್ನ ಹತ್ರ ಬರೇ ಹಳೇ ರೊಕ್ಕ ಇತ್ತು, ತಂಗಿ."

ಎಳೆ ಬಿಡಿಸಲು ಹೋದೆ, ಕಣ್ಣು ಮಂಜಾಗಿ ಏನೂ ಕಾಣಲಿಲ್ಲ. ಮಗಳೇ ಒಂದೊಂದಾಗಿ ಬಿಡಿಸಿ, ಸೀರೆ ಉಟ್ಟು ಬಂದು, ಆ ಕೈ ಹಿಡಿದಳು.